ಕಡಲೊಳಗೊಂದು ಎಮ್ಮೆಯ ಉಸಿರು

ಅಣಶಿ ಘಟ್ಟ ಇಳಿಯುವಷ್ಟರಲ್ಲಿ ಚಿಕ್ಕವ್ವ ಎರಡು ಸಲ ಕ್ರೂಸರ್ ನಿಲ್ಲಿಸಿದ್ದಳು. ಗೋಕಾಕ ತಾಲೂಕಿನ ಮಮದಾಪುರ ಬಿಟ್ಟು ಪಡುವಣಕ್ಕೆ ಇಷ್ಟು ದೂರ ಆಕೆ ಬಂದದ್ದು ಅದೇ ಮೊದಲು. ಸವದತ್ತಿ ಯಲ್ಲಮ್ಮ, ಪಂಢರಪುರ, ಒಮ್ಮೆ ಶ್ರೀಶೈಲ. ಆಕೆಯ ತಿರುಗಾಟವೆಲ್ಲ ಒಣನೆಲದ್ದು. ಕಣ್ಣಾರೆ ಕಂಡ ದೊಡ್ಡ ನೀರೆಂದರೆ ಮಳೆಗಾಲದ ಘಟಪ್ರಭೆ, ಹಿಡಕಲ್ ಡ್ಯಾಮಿನ ಹಿನ್ನೀರು. ಭೂಪಟದ ಮೇಲೆ ಗೆರೆ ಎಳೆದರೆ ನಮ್ಮೂರಿಂದ ಅರಬ್ಬಿ ಸಮುದ್ರ ನೂರೈವತ್ತು ಕಿಲೋಮೀಟರಿನ ಆಸುಪಾಸಿನಲ್ಲೇ ಇದೆ. ಆದರೆ ನಮ್ಮ ಹೊಳೆ ಆ ಕಡೆ ಮುಖ ಮಾಡುವುದಿಲ್ಲ. ಪಕ್ಕದ ಕಡಲಿಗೆ ಬೆನ್ನು ತಿರುಗಿಸಿ, ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಕೂಡಿಕೊಂಡು, ಇಡೀ ದಖ್ಖನ್ ದಾಟಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ನಾವೂ ಹಾಗೇ. ಕಡಲು ನಮ್ಮದಲ್ಲ ಎಂದುಕೊಂಡೇ ಬೆಳೆದವರು.

ಕಾರವಾರದ ಕೋಡಿಬಾಗದಲ್ಲಿ ದೋಣಿ ಹತ್ತಿದೆವು. ಕಾಳಿ ನದಿ ಕಡಲು ಸೇರುವ ಜಾಗ. ಬಲಕ್ಕೆ ಸದಾಶಿವಗಡದ ಗುಡ್ಡ, ಮುಂದೆ ದೇವಬಾಗದ ಗಾಳಿಮರಗಳ ಸಾಲು, ದೂರದಲ್ಲಿ ಕೂರ್ಮಗಡ. ಇಳಕಲ್ ಸೀರೆಯ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಬಿಗಿಸಿಕೊಂಡ ಚಿಕ್ಕವ್ವ ದೋಣಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ದೇವಬಾಗ ದಾಟಿದ ಮೇಲೆ ದೋಣಿಯ ಹುಡುಗ ಎಂಜಿನ್ ಬಂದ್ ಮಾಡಿ ತುಟಿಗೆ ಬೆರಳಿಟ್ಟ.

ಐದು ನಿಮಿಷ ಏನೂ ಇಲ್ಲ. ನಾವೆಲ್ಲ ಮೊಬೈಲ್ ಎತ್ತಿ ಹಿಡಿದು ಒಂದು ಕಡೆ ನೋಡುತ್ತಿದ್ದಾಗ ಬೆನ್ನ ಹಿಂದೆ ‘ಫೂಸ್ಸ್’ ಎಂದಿತು. ಟ್ಯೂಬಿನಿಂದ ಗಾಳಿ ಹೋದ ಸದ್ದಲ್ಲ. ಒದ್ದೆಯಾದ, ಬೆಚ್ಚಗಿನ, ಮೂಗಿನ ಸದ್ದು. ತಿರುಗುವಷ್ಟರಲ್ಲಿ ನೀರ ಮೇಲೆ ಬರೀ ಉಂಗುರ. ಚಿಕ್ಕವ್ವ ಮಾತ್ರ ತಿರುಗಿಯೂ ನೋಡಲಿಲ್ಲ.

‘ಎಮ್ಮಿ ಉಸರ ಬಿಟ್ಟಂಗ ಆತಲ್ಲೋ ತಮ್ಮಾ’ ಎಂದಳು.

ದೋಣಿಯಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಅಷ್ಟರಲ್ಲಿ ಹತ್ತು ಮಾರು ದೂರದಲ್ಲಿ ಸೀಸದ ಬಣ್ಣದ ಬೆನ್ನೊಂದು ಏಳುತ್ತಾ ಬಂತು. ಬೆನ್ನ ನಡುವೆ ಎತ್ತಿನ ಹಿಣಿಲಿನಂಥ ಉಬ್ಬು, ಉಬ್ಬಿನ ತುದಿಯಲ್ಲಿ ಪುಟ್ಟ ರೆಕ್ಕೆ. ಪಕ್ಕಕ್ಕೆ ಅಂಟಿಕೊಂಡಂತೆ ತಿಳಿ ಬೂದು ಬಣ್ಣದ ಮರಿ. ಎರಡೂ ಒಟ್ಟಿಗೆ ಉಸಿರು ಬಿಟ್ಟು, ಎಳೆದುಕೊಂಡು, ಒಟ್ಟಿಗೆ ಮುಳುಗಿದವು. ‘ಕರು ಐತಿ’ ಎಂದಳು ಚಿಕ್ಕವ್ವ. ಎಮ್ಮೆ ಎಂದದ್ದಕ್ಕೆ ನಕ್ಕವರು ಕರು ಎಂದಾಗ ನಗಲಿಲ್ಲ.

ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದ ದಂಡೆಯಿಂದ ಕಾಣುವ ಡಾಲ್ಫಿನ್‌ಗಳಲ್ಲಿ ಹೆಚ್ಚಿನವು ಈ ಡುಬ್ಬದ ಡಾಲ್ಫಿನ್‌ಗಳೇ. ಇವುಗಳ ಶಾಸ್ತ್ರೀಯ ಹೆಸರು ಸೂಸಾ ಪ್ಲಂಬಿಯಾ. ಪ್ಲಂಬಿಯಾ ಎಂದರೆ ಸೀಸದ ಬಣ್ಣದ್ದು. ಆ ಹೆಸರನ್ನು 1829ರಲ್ಲಿ ಫ್ರಾನ್ಸಿನ ಕುವಿಯೇ ಇಟ್ಟದ್ದು ಇದೇ ಪಡುವಣ ಕರಾವಳಿಯಿಂದ, ಮಲಬಾರ್ ಕಡೆಯಿಂದ, ಹೋದ ಮಾದರಿಯನ್ನು ನೋಡಿ. ದೊಡ್ಡದೆಂದರೆ ಒಂಬತ್ತು ಅಡಿ ಉದ್ದ, ತೂಕದಲ್ಲಿ ನಮ್ಮ ಎಮ್ಮೆಯ ಅರ್ಧ. ಆಳದ ಕಡಲು ಇದಕ್ಕೆ ಬೇಡ. ಇಪ್ಪತ್ತು, ಇಪ್ಪತ್ತೈದು ಮೀಟರ್ ಆಳದೊಳಗಿನ ದಂಡೆಯ ನೀರು, ಅದರಲ್ಲೂ ನದಿಯ ಬಾಯಿ, ಇದರ ಮನೆ. ನಮ್ಮ ಗೋಕಾಕ ಜಲಪಾತದ ಎತ್ತರ 52 ಮೀಟರ್. ಅದರ ಅರ್ಧ ಎತ್ತರದ ನೀರಿನಲ್ಲೇ ಈ ಪ್ರಾಣಿಯ ಹುಟ್ಟು, ಬೇಟೆ, ಬಾಣಂತನ, ಸಾವು ಎಲ್ಲ ಮುಗಿಯುತ್ತದೆ. ಮನುಷ್ಯ ಬಲೆ ಬಿಡುವುದು, ಬಂದರು ಕಟ್ಟುವುದು, ಚರಂಡಿ ಹರಿಸುವುದು, ಪ್ರವಾಸಿಗಳನ್ನು ಹೊತ್ತು ತಿರುಗುವುದೂ ಅದೇ ಪಟ್ಟಿಯಲ್ಲಿ. ಇದರ ಕಷ್ಟಗಳೆಲ್ಲ ಹುಟ್ಟುವುದು ಈ ವಿಳಾಸದಿಂದ.

ಚಿಕ್ಕವ್ವನ ಎಮ್ಮೆಗೆ ಮರಳೋಣ. ಆಕೆ ಬಾಯಿಗೆ ಬಂದಂತೆ ಹೇಳಿದ ಮಾತನ್ನು ಪ್ರಾಣಿಶಾಸ್ತ್ರ ತುಂಬ ಸುತ್ತಿ ಬಳಸಿ ಹೇಳಿದೆ. ತಿಮಿಂಗಿಲ ಮೀನಲ್ಲ, ಹಾಲೂಡುವ ಪ್ರಾಣಿ ಎಂದು ಲಿನೇಯಸ್ ತನ್ನ ಪಟ್ಟಿಯಲ್ಲಿ ಅದರ ಮನೆ ಬದಲಿಸಿದ್ದು 1758ರಲ್ಲಿ. ಆದರೆ ಹಾಲೂಡುವ ಯಾವ ಪ್ರಾಣಿ ನೀರಿಗಿಳಿದು ತಿಮಿಂಗಿಲವಾಯಿತು ಎಂಬ ಪ್ರಶ್ನೆ ಆಮೇಲೂ ಇನ್ನೂರು ವರ್ಷ ಹಾಗೇ ಉಳಿಯಿತು. ತೋಳದಂಥ ಯಾವುದೋ ಮಾಂಸಾಹಾರಿ ಇರಬಹುದೆಂದು ಬಹಳ ಕಾಲ ನಂಬಿದ್ದರು. ಉತ್ತರದ ಒಂದು ದೊಡ್ಡ ಭಾಗ ಸಿಕ್ಕಿದ್ದು ನಮ್ಮದೇ ಉಪಖಂಡದ ಕಲ್ಲುಗಳಲ್ಲಿ, ಅದೂ ಎಡವಟ್ಟಿನಿಂದ.

ಎ. ರಂಗರಾವ್ ಎಂಬ ಭೂವಿಜ್ಞಾನಿ ಜಮ್ಮು–ಕಾಶ್ಮೀರದ ರಾಜೌರಿಯ ಕಾಲಾಕೋಟ್ ಬಳಿ ಕಲ್ಲುಗಳನ್ನು ಕಲೆಹಾಕಿದ್ದರು. ಅದರೊಳಗೆ ಬೆಕ್ಕಿಗಿಂತ ತುಸು ದೊಡ್ಡದಾದ, ತೆಳುಗಾಲಿನ ಜಿಂಕೆಯಂಥ ಪ್ರಾಣಿಯ ಹಲ್ಲು–ದವಡೆ ಕಂಡು 1971ರಲ್ಲಿ ಅದಕ್ಕೆ ‘ಇಂಡೋಹಯಸ್’ ಎಂದು ಹೆಸರಿಟ್ಟರು. ಅವರು ತೀರಿಕೊಂಡರು. ಒಡೆಯದೇ ಉಳಿದ ಕಲ್ಲಿನ ರಾಶಿಯನ್ನು ಅವರ ಹೆಂಡತಿ ವರ್ಷಗಟ್ಟಲೆ ಕಾಪಾಡಿಕೊಂಡು ಬಂದರು. ಕೊನೆಗೆ ಅವು ಅಮೆರಿಕದ ಹಾನ್ಸ್ ಥೆವಿಸ್ಸೆನ್ ಎಂಬ ಸಂಶೋಧಕನ ಕೈಗೆ ಬಂದವು. ಆತನ ಪ್ರಯೋಗಾಲಯದಲ್ಲಿ ಕಲ್ಲು ಕೊರೆಯುತ್ತಿದ್ದಾಗ ಒಂದು ತಲೆಬುರುಡೆಯ ಕಿವಿಯ ಎಲುಬು ಪಟ್ಟನೆ ಮುರಿಯಿತು. ಮುರಿದ ಎಲುಬಿನ ಒಂದು ಬದಿ ಕಾಗದದಷ್ಟು ತೆಳು, ಇನ್ನೊಂದು ಬದಿ ಗುಂಡಿಯಂತೆ ದಪ್ಪ. ಆ ದಪ್ಪನೆಯ ಒಳಅಂಚು ತಿಮಿಂಗಿಲ–ಡಾಲ್ಫಿನ್ ಕುಲದ ಕಿವಿಯ ಗುರುತು. ಅಂಥದ್ದು ಕಾಡಿನ ಪುಟ್ಟ ಗೊರಸಿನ ಪ್ರಾಣಿಗೆ ಎಲ್ಲಿಂದ ಬಂತು? ಕಾಲಿನ ಎಲುಬೂ ಒಳಗೆ ಗಟ್ಟಿ, ಭಾರ. ನೀರೊಳಗೆ ತೇಲಿಹೋಗದೆ ತಳದಲ್ಲಿ ನಡೆಯುವ ಪ್ರಾಣಿಗಳಿಗೆ ಇರುವಂಥದ್ದು. ಥೆವಿಸ್ಸೆನ್, ರೂರ್ಕಿಯ ಸುನೀಲ್ ಬಾಜಪೇಯಿ ಮತ್ತಿತರರು 2007ರಲ್ಲಿ ಪ್ರಕಟಿಸಿದ ಲೇಖನದ ಸಾರ ಇಷ್ಟು: ಸುಮಾರು 4.8 ಕೋಟಿ ವರ್ಷಗಳ ಹಿಂದೆ, ಬೇಟೆಗಾರ ಪ್ರಾಣಿ ಬಂದಾಗ ಹೊಳೆಗೆ ಜಿಗಿದು ಮೂಗಷ್ಟೇ ಮೇಲಿಟ್ಟುಕೊಂಡು ಅಡಗುತ್ತಿದ್ದ ಈ ಇಂಡೋಹಯಸ್ ಬಳಗ ತಿಮಿಂಗಿಲಗಳಿಗೆ ತೀರ ಹತ್ತಿರದ ದಾಯಾದಿ.

ಅದಕ್ಕೂ ಮೊದಲು, 2001ರಲ್ಲಿ, ಪಾಕಿಸ್ತಾನದಲ್ಲಿ ದೊರೆತ ಹಳೆಯ ತಿಮಿಂಗಿಲಗಳ ಹಿಂಗಾಲಿನ ಗಿಣ್ಣಿನ ಎಲುಬು ಇನ್ನೊಂದು ಸಾಕ್ಷಿ ಹೇಳಿತ್ತು. ಎರಡೂ ತುದಿಯಲ್ಲಿ ರಾಟೆಯಂತೆ ಕೊರೆದ ಎಲುಬು ಅದು. ಕುರಿ ಕೊಯ್ದವರು, ಖಾನಾವಳಿಯಲ್ಲಿ ಕಾಲಿನ ಸೂಪು ಕುಡಿದವರು ಅದನ್ನು ಕೈಯಲ್ಲಿ ಹಿಡಿದಿರುತ್ತಾರೆ. ಸೀಳುಗೊರಸಿನ ಪ್ರಾಣಿಗಳಲ್ಲಿ ಬಿಟ್ಟರೆ ಬೇರೆಲ್ಲೂ ಆ ಎಲುಬು ಇಲ್ಲ. ಅಂದರೆ ಕುರಿ, ಆಡು, ಹಂದಿ, ಆಕಳು, ಎಮ್ಮೆ ಇವೆಲ್ಲ ಇರುವ ದೊಡ್ಡ ಮನೆತನಕ್ಕೇ ಡಾಲ್ಫಿನ್ನೂ ಸೇರಿದೆ. ಬದುಕಿರುವವರಲ್ಲಿ ಅದರ ತೀರ ಹತ್ತಿರದ ನೆಂಟ ಹಿಪ್ಪೊಪೊಟಮಸ್. ಎಮ್ಮೆ ಒಂದೆರಡು ಮನೆ ಆಚೆಯದು, ಆದರೆ ಸೂತಕ ಹಿಡಿಯಬೇಕಾದ ನೆಂಟಸ್ತಿಕೆಯೇ. ಮೇವು ಮುಟ್ಟದ, ಮೀನನ್ನೇ ನುಂಗುವ ಡಾಲ್ಫಿನ್ನಿನ ಹೊಟ್ಟೆ ಇವತ್ತಿಗೂ ಹಲವು ಕೋಣೆಗಳದ್ದು.

ಕಾಲು ಕಳೆದುಕೊಂಡರೂ ಮೈ ಹಳೆಯ ಓಟವನ್ನು ಮರೆತಿಲ್ಲ. ಮೀನು ಬಾಲವನ್ನು ಅಡ್ಡಡ್ಡ ಬೀಸುತ್ತದೆ, ಡಾಲ್ಫಿನ್ ಮೇಲೆ ಕೆಳಗೆ ಬಡಿಯುತ್ತದೆ. ನಾಗಾಲೋಟದಲ್ಲಿ ಬೇಟೆನಾಯಿಯ ಬೆನ್ನು ಬಾಗಿ ಏಳುವ ರೀತಿಯೇ ಅದು. ಎದೆಯ ರೆಕ್ಕೆಯ ಚರ್ಮ ಬಿಡಿಸಿದರೆ ಒಳಗೆ ಮುಂಗೈ, ಮಣಿಕಟ್ಟು, ಬೆರಳಿನ ಎಲುಬುಗಳು ಸಾಲಾಗಿವೆ. ಹಿಂಗಾಲಿನ ಜಾಗದಲ್ಲಿ ಮಾಂಸದ ನಡುವೆ ಸೊಂಟದ ಎಲುಬಿನ ಎರಡು ತುಣುಕು ಯಾವುದಕ್ಕೂ ಅಂಟದೆ ಉಳಿದಿವೆ. ಕಡಲು ಈ ಪ್ರಾಣಿಯ ಎಲ್ಲವನ್ನೂ ತಿದ್ದಿತು. ಒಂದನ್ನು ಮಾತ್ರ ತಿದ್ದಲಾಗಲಿಲ್ಲ. ಕಿವಿರು ಕೊಡಲಿಲ್ಲ. ಐದು ಕೋಟಿ ವರ್ಷ ನೀರಿನಲ್ಲಿ ಕಳೆದ ಮೇಲೂ ಉಸಿರಿಗಾಗಿ ಇದು ಮೇಲೆ ಬರಲೇಬೇಕು. ಚಿಕ್ಕವ್ವನಿಗೆ ಕೇಳಿಸಿದ್ದು ಆ ಹಳೆಯ ಕೊರತೆಯ ಸದ್ದು.

ಆ ಉಸಿರಿನ ಏರ್ಪಾಡು ನೋಡುವಂಥದ್ದು. ಮೂಗು ಮೂತಿಯ ತುದಿ ಬಿಟ್ಟು ನೆತ್ತಿಗೆ ಸರಿದಿದೆ. ಹೊಳ್ಳೆ ಯಾವಾಗಲೂ ಮುಚ್ಚಿರುತ್ತದೆ. ಸ್ನಾಯು ಬಿಗಿಹಿಡಿದಾಗ ತೆರೆಯುತ್ತದೆ. ನಾವು ಸಾಧಾರಣ ಉಸಿರಿನಲ್ಲಿ ಶ್ವಾಸಕೋಶದ ಏಳರಲ್ಲಿ ಒಂದು ಪಾಲಿನಷ್ಟು ಗಾಳಿಯನ್ನು ಬದಲಿಸಿದರೆ, ಡಾಲ್ಫಿನ್ ಒಂದೇ ಏಟಿಗೆ ಮುಕ್ಕಾಲು ಪಾಲಿಗಿಂತ ಹೆಚ್ಚನ್ನು ಹೊರಗೆಸೆದು ಹೊಸದನ್ನು ತುಂಬಿಕೊಳ್ಳುತ್ತದೆ. ಅದೂ ಅರೆ ಚಣದಲ್ಲಿ. ಆ ‘ಫೂಸ್ಸ್’ ಅಷ್ಟು ಜೋರಾಗಿರುವುದು ಅದಕ್ಕೆ. ಮುಳುಗಿದ ಮೇಲೆ ಎದೆಬಡಿತ ನಿಧಾನವಾಗುತ್ತದೆ, ರಕ್ತ ಕೈಕಾಲಿನಂಥ ಕಡೆಯಿಂದ ಹಿಂಜರಿದು ಮಿದುಳು–ಹೃದಯಕ್ಕೆ ಮೀಸಲಾಗುತ್ತದೆ, ಸ್ನಾಯುಗಳು ತಮ್ಮಲ್ಲೇ ಕೂಡಿಟ್ಟುಕೊಂಡ ಆಮ್ಲಜನಕವನ್ನು ಬಳಸುತ್ತವೆ. ನಮ್ಮ ಕಾರವಾರದ್ದು ಕೆಲವೇ ನಿಮಿಷಗಳ ಮುಳುಗುಗಾರ. ಆಳ ಕಡಲಿನ ಸ್ಪರ್ಮ್ ತಿಮಿಂಗಿಲ ಕಿಲೋಮೀಟರ್ ಆಳಕ್ಕೂ ಇಳಿಯುತ್ತದೆ. ಇಪ್ಪತ್ತು ಗೋಕಾಕ ಜಲಪಾತಗಳನ್ನು ಒಂದರ ಮೇಲೊಂದು ನಿಲ್ಲಿಸಿ ಲೆಕ್ಕ ಹಾಕಿಕೊಳ್ಳಿ.

ಇನ್ನೊಂದು ವಿಚಿತ್ರವಿದೆ. ನಮಗೆ ಉಸಿರಾಟ ತಾನಾಗಿ ನಡೆಯುವ ಕೆಲಸ, ನಿದ್ದೆ ಹೋದರೂ ನಿಲ್ಲದು. ಡಾಲ್ಫಿನ್ನಿಗೆ ಪ್ರತಿ ಉಸಿರೂ ಎಚ್ಚರದಲ್ಲಿ ಮಾಡಬೇಕಾದ ಕೆಲಸ. ಇದು ಗೊತ್ತಾಗಿದ್ದಕ್ಕೆ ಒಂದು ಬೆಲೆ ಬಿತ್ತು. 1955ರಲ್ಲಿ ಫ್ಲಾರಿಡಾದಲ್ಲಿ ಜಾನ್ ಲಿಲ್ಲಿ ಎಂಬಾತ ಮತ್ತು ಜೊತೆಯವರು ಡಾಲ್ಫಿನ್ನಿನ ಮಿದುಳನ್ನು ಪರೀಕ್ಷಿಸಲು ಅವಕ್ಕೆ ಅರಿವಳಿಕೆ ಕೊಟ್ಟರು. ಮೈಮರೆತ ಪ್ರಾಣಿ ಉಸಿರಾಡುವುದನ್ನೇ ಬಿಟ್ಟಿತು. ಐದಕ್ಕೆ ಐದೂ ಸತ್ತವು. ಹಾಗಾದರೆ ನಿದ್ದೆ ಹೇಗೆ? ಮಿದುಳಿನ ಒಂದು ಹೋಳು ಮಲಗಿದಾಗ ಇನ್ನೊಂದು ಹೋಳು ಕಾವಲು ಕೂರುತ್ತದೆ, ಆಮೇಲೆ ಪಾಳಿ ಬದಲು. ಕಬ್ಬು ನುರಿಸುವ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಯ ಪಾಳಿ ಕಂಡ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮಾತೂ ಅದೇ ಉಸಿರಿನದು. ಹೊಳ್ಳೆಯ ಕೆಳಗೆ ಮೂಗಿನ ನಾಳದಲ್ಲಿ ತುಟಿಯಂಥ ಜೋಡಿ ಮಡಿಕೆಗಳಿವೆ. ಗಾಳಿಯನ್ನು ಅವುಗಳ ನಡುವೆ ಒತ್ತಿ ‘ಟಕ್ ಟಕ್’ ಎಂಬ ತೀರ ಸಣ್ಣ, ತೀರ ಚುರುಕಾದ ಸದ್ದು ಹೊರಡಿಸುತ್ತದೆ. ಗಾಳಿ ಹೊರಗೆ ಹೋಗುವುದಿಲ್ಲ. ಒಳಗಿನ ಚೀಲಗಳಲ್ಲಿ ಉಳಿದು ಮತ್ತೆ ಬಳಕೆಗೆ ಬರುತ್ತದೆ. ಹಣೆಯ ಕೊಬ್ಬಿನ ಗಡ್ಡೆ ಆ ಸದ್ದನ್ನು ಬ್ಯಾಟರಿಯ ಬೆಳಕಿನಂತೆ ಮುಂದಕ್ಕೆ ಹಾಯಿಸುತ್ತದೆ, ಮರಳಿದ ಪ್ರತಿಧ್ವನಿಯನ್ನು ಕೆಳದವಡೆಯ ಕೊಬ್ಬು ಹಿಡಿದು ಒಳಕಿವಿಗೆ ಮುಟ್ಟಿಸುತ್ತದೆ. ಮಳೆಗಾಲದ ಕಾಳಿಯ ಕೆಮ್ಮಣ್ಣಿನ ರಾಡಿಯಲ್ಲಿ ಕಣ್ಣಿಗೆ ಮೊಳ ದೂರವೂ ಕಾಣದು. ಅಲ್ಲಿಯೂ ಇದು ಮಡವೆ ಮೀನು ಹಿಡಿಯುವುದು ಹೀಗೆ ಕಿವಿಯಿಂದ ನೋಡಿ. ಅಂಥ ನೀರಿನಲ್ಲಿ ಹತ್ತು ದೋಣಿಗಳ ಎಂಜಿನ್ ಒಟ್ಟಿಗೆ ಗುಡುಗಿದರೆ ಅದಕ್ಕೆ ಕಣ್ಣಿಗೆ ಬಟ್ಟೆ ಕಟ್ಟಿದಂತೆ. ನಾವು ಹೋದ ದಿನ ನಮ್ಮದಲ್ಲದೆ ಇನ್ನೂ ನಾಲ್ಕು ದೋಣಿಗಳು ಬಂದು ತಾಯಿ–ಮರಿಯನ್ನು ಸುತ್ತುವರಿದವು. ಒಂದರಲ್ಲಿ ಹಾಡು ಬೇರೆ. ನಮ್ಮ ಹುಡುಗ ‘ಇನ್ನು ಬರಲ್ಲ ಸರ್, ನಡೀರಿ’ ಎಂದು ದೋಣಿ ತಿರುಗಿಸಿದ. ಹಣ ಕೊಟ್ಟು ಬಂದವರು ಗೊಣಗಿದರು. ಆ ಹುಡುಗ ಮಾಡಿದ್ದೇ ಸರಿ ಎಂದು ನನ್ನ ಅಭಿಪ್ರಾಯ.

ದಂಡೆಯಲ್ಲಿ ಚಹಾ ಕುಡಿಯುವಾಗ ಚಿಕ್ಕವ್ವ ಕೇಳಿದಳು, ‘ಇದಕ್ಕ ತಿಮಿಂಗಿಲ ಅಂತಾರೇನ?’ ಬಳಗ ಅದೇ, ಇದು ಚಿಕ್ಕದು ಎಂದೆ. ತಿಮಿಂಗಿಲ ಎಂಬ ಪದವೇ ಒಂದು ಕತೆ. ತಿಮಿ ಎಂದರೆ ದೊಡ್ಡ ಮೀನು, ಅದನ್ನೂ ಗಿಲ, ಅಂದರೆ ನುಂಗುವುದು, ತಿಮಿಂಗಿಲ. ಅದನ್ನೂ ನುಂಗುವ ತಿಮಿಂಗಿಲಗಿಲ ಎಂಬುದೂ ಸಂಸ್ಕೃತದಲ್ಲಿದೆ. ನಿಘಂಟಿನ ದೃಷ್ಟಿಯಲ್ಲಿ ಇವೆಲ್ಲ ಮೀನುಗಳೇ. ಆದರೆ ಕಾಳಿದಾಸನ ‘ರಘುವಂಶ’ದ ಹದಿಮೂರನೆಯ ಸರ್ಗದಲ್ಲಿ, ಪುಷ್ಪಕ ವಿಮಾನದಿಂದ ಸೀತೆಗೆ ಕಡಲು ತೋರಿಸುವ ರಾಮ ಹೇಳುವ ತಿಮಿಗಳು ನದೀಮುಖದ ನೀರನ್ನು ಜೀವಿಗಳ ಸಮೇತ ಬಾಯಿಗೆ ತುಂಬಿ, ಬಾಯಿ ಮುಚ್ಚಿ, ತಲೆಯ ರಂಧ್ರಗಳಿಂದ ನೀರಿನ ಧಾರೆ ಚಿಮ್ಮಿಸುತ್ತವೆ. ಹಾಗೆ ಚಿಮ್ಮಿಸುವ ರಂಧ್ರ ಯಾವ ಮೀನಿನ ನೆತ್ತಿಯಲ್ಲೂ ಇಲ್ಲ. ನದೀಮುಖ ಎಂಬ ಜಾಗವನ್ನೂ ಬಿಡದೆ ಹೇಳಿದ ಕವಿಗೆ ಆ ಚಿತ್ರ ಯಾರೋ ಕಡಲಿಗರಿಂದ ಬಂದಿರಬೇಕು ಎಂದು ನನ್ನ ಊಹೆ. ಕನ್ನಡದ ಕಡಲಹಂದಿ ಎಂಬ ಪದಕ್ಕಂತೂ ಪುರಾಣದ ಹಂಗಿಲ್ಲ. ಹಂದಿ ಸೀಳುಗೊರಸಿನದು ಎಂಬುದನ್ನು ನೆನೆದರೆ ಆ ಹೆಸರಿಟ್ಟವರು ಶಾಸ್ತ್ರಕ್ಕೆ ಹತ್ತಿರವಿದ್ದರು. ಬೆನ್ನಮೇಲೆ ರೆಕ್ಕೆಯೇ ಇಲ್ಲದ, ಆರಡಿ ಮೀರದ ನಿಜವಾದ ಕಡಲಹಂದಿಯೂ ನಮ್ಮ ಕರಾವಳಿಯಲ್ಲಿದೆ. ನಾಚಿಕೆ ಸ್ವಭಾವದ್ದು, ನೆಗೆಯದು, ನೀರ ಮೇಲೆ ಒಂದು ಸುಕ್ಕು ಮೂಡಿಸಿ ಮಾಯವಾಗುತ್ತದೆ. ಹೆಚ್ಚಿನವರು ಅದನ್ನು ನೋಡುವುದು ಸತ್ತು ದಂಡೆಗೆ ಬಂದಾಗಲೇ. ಇನ್ನು ರಾಮೇಶ್ವರದ ಕಡೆಯ ‘ಕಡಲಹಸು’, ಅಂದರೆ ಡ್ಯುಗಾಂಗ್, ಹೆಸರಿಗೆ ಹಸುವಾದರೂ ಕುಲದಲ್ಲಿ ಆನೆಯ ನೆಂಟ. ಕಡಲಹುಲ್ಲು ಮೇಯುವ ಆ ಪ್ರಾಣಿಗಾಗಿ ತಮಿಳುನಾಡು 2022ರಲ್ಲಿ ಪಾಕ್ ಕೊಲ್ಲಿಯಲ್ಲಿ 448 ಚದರ ಕಿಲೋಮೀಟರಿನ ಮೀಸಲು ಘೋಷಿಸಿತು. ನಮ್ಮ ಕರಾವಳಿಯಲ್ಲಿ ಅದಿಲ್ಲ.

ಕಾರವಾರದ ದಿಗಂತದ ಆಚೆ ಹಾಯುವ ದೊಡ್ಡವರೂ ಇದ್ದಾರೆ. ಬೇರೆ ಕಡಲಿನ ಹಂಪ್‌ಬ್ಯಾಕ್ ತಿಮಿಂಗಿಲಗಳು ವರ್ಷವರ್ಷ ಧ್ರುವದ ತಣ್ಣೀರಿಗೆ ಮೇಯಲು ಹೋಗುತ್ತವೆ. ಅರಬ್ಬಿ ಸಮುದ್ರದವು ಹೋಗುವುದಿಲ್ಲ. ಇಲ್ಲೇ ಮೇಯುತ್ತವೆ, ಇಲ್ಲೇ ಈಯುತ್ತವೆ. ಒಮಾನ್ ಕಡೆ ಎಣಿಸಿದಾಗ ನೂರರೊಳಗೇ ಸಿಕ್ಕವು. 2017ರ ಕೊನೆಯಲ್ಲಿ ಅಲ್ಲಿನ ಸಂಶೋಧಕರು ಒಂದು ಹೆಣ್ಣು ತಿಮಿಂಗಿಲದ ಬೆನ್ನಿಗೆ ಉಪಗ್ರಹ ಟ್ಯಾಗ್ ಹಾಕಿದ್ದರು. ಬಾಲದ ಗುರುತು ಸಾಂಬ್ರಾಣಿ ಗಿಡದಂತಿದ್ದುದರಿಂದ ಅರಬ್ಬಿಯಲ್ಲಿ ಸಾಂಬ್ರಾಣಿ ಎಂಬರ್ಥದ ಲುಬಾನ್ ಎಂದು ಹೆಸರು. ಆಕೆ ಒಂದು ದಿನ ಪೂರ್ವಕ್ಕೆ ಹೊರಟು, ಇಡೀ ಅರಬ್ಬಿ ಸಮುದ್ರ ದಾಟಿ ಗೋವಾ ತೀರ ಮುಟ್ಟಿ, ಅಲ್ಲಿಂದ ದಕ್ಷಿಣಕ್ಕೆ ತಿರುಗಿ ಭಾರತದ ತುದಿಯತ್ತ ಸಾಗಿ, ಮರುವರ್ಷ ಒಮಾನಿಗೆ ವಾಪಸಾದಳು. ಗೋವಾ ಬಿಟ್ಟು ಕೆಳಗೆ ಬಂದ ಆಕೆಗೆ ಮೊದಲು ಸಿಕ್ಕಿದ್ದು ನಮ್ಮ ಕಡಲೇ. ಇಷ್ಟು ಕಡಿಮೆ ಏಕೆ ಉಳಿದವು ಎಂಬುದಕ್ಕೆ ಒಂದು ಉತ್ತರ 1966ರ ನವೆಂಬರಿನಲ್ಲಿದೆ. ಸೋವಿಯತ್ ಬೇಟೆ ಹಡಗುಗಳು ಆ ಒಂದೇ ತಿಂಗಳಲ್ಲಿ ಅರಬ್ಬಿ ಸಮುದ್ರದಲ್ಲಿ 238 ಹಂಪ್‌ಬ್ಯಾಕ್‌ಗಳನ್ನು ಕದ್ದು ಕೊಂದವು. ಇಡೀ ಹಿಂದೂ ಮಹಾಸಾಗರವನ್ನು ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ ಅಭಯಧಾಮವೆಂದು ಸಾರಿದ್ದು 1979ರಲ್ಲಿ.

ನಮ್ಮ ಕಡೆಯ ಹರಟೆಕಟ್ಟೆಗೆ ತಿಮಿಂಗಿಲ ಬರುವುದು ಪತ್ರಿಕೆಯ ಅಪರಾಧ ಪುಟದಿಂದ. ‘ಕೋಟಿ ಬೆಲೆಯ ತಿಮಿಂಗಿಲ ವಾಂತಿ ವಶ’ ಎಂಬ ಸುದ್ದಿ ವರ್ಷಕ್ಕೊಮ್ಮೆಯಾದರೂ ಇರುತ್ತದೆ. ಅದು ವಾಂತಿಯೂ ಅಲ್ಲ. ಸ್ಪರ್ಮ್ ತಿಮಿಂಗಿಲ ನುಂಗಿದ ಸ್ಕ್ವಿಡ್‌ಗಳ ಚೂಪು ಕೊಕ್ಕು ಕರುಳಿಗೆ ಚುಚ್ಚಿದಾಗ ಸುತ್ತಲೂ ಕಟ್ಟಿಕೊಳ್ಳುವ ಮೇಣದ ಗಡ್ಡೆ ಅದು. ಹೊರಬೀಳುವುದು ಬಹುಶಃ ಹಿಂದಿನ ದಾರಿಯಿಂದ. ಸುಗಂಧದ ವ್ಯಾಪಾರದಲ್ಲಿ ಬೆಲೆಯಿದೆ ನಿಜ. ಆದರೆ ನಮ್ಮಲ್ಲಿ ತಿಮಿಂಗಿಲ, ಡಾಲ್ಫಿನ್ ಎಲ್ಲವೂ 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಹುಲಿಯ ಪಂಕ್ತಿಯಲ್ಲಿ ಕೂತಿವೆ. ಆ ಗಡ್ಡೆ ಮನೆಯಲ್ಲಿಟ್ಟುಕೊಂಡರೂ ಮೂರರಿಂದ ಏಳು ವರ್ಷ ಜೈಲಿಗೆ ದಾರಿ.

ಇಷ್ಟು ಗಟ್ಟಿ ಕಾನೂನಿದ್ದೂ ಡುಬ್ಬದ ಡಾಲ್ಫಿನ್ ‘ಅಪಾಯದಲ್ಲಿರುವ’ ಜೀವಿಗಳ ಜಾಗತಿಕ ಪಟ್ಟಿಗೆ ಸೇರಿದೆ. ಇದಕ್ಕೆ ದೊಡ್ಡ ಕಾರಣ ಬೇಟೆಯಲ್ಲ. ಕೊಲ್ಲುತ್ತಿರುವುದು ಬಲೆ. ಅದರಲ್ಲೂ ಗಿಲ್‌ನೆಟ್ ಎಂಬ, ನೀರಿನಲ್ಲಿ ಪರದೆಯಂತೆ ಇಳಿಬಿಡುವ ನೈಲಾನ್ ಬಲೆ. ಮೀನು ತಲೆ ತೂರಿಸಿದಾಗ ಕಿವಿರು ಸಿಕ್ಕಿಕೊಳ್ಳುವುದರಿಂದ ಆ ಹೆಸರು. ಸಣ್ಣ ದೋಣಿಯ ಬಡವನೂ ಕೊಳ್ಳಬಹುದಾದ ಬಲೆ ಅದು. ರಾತ್ರಿ ಬಿಟ್ಟು ಬೆಳಿಗ್ಗೆ ಎಳೆಯುತ್ತಾರೆ. ಕೂದಲೆಳೆಯಂಥ ನೈಲಾನ್ ದಾರದಿಂದ ಪ್ರತಿಧ್ವನಿ ಸರಿಯಾಗಿ ಮರಳದು. ಬಲೆಯಲ್ಲಿ ಒದ್ದಾಡುವ ಮೀನು ಮಾತ್ರ ಡಾಲ್ಫಿನ್ನಿಗೆ ಚೆನ್ನಾಗಿ ಕೇಳುತ್ತದೆ. ಹೋಗಿ ಕಚ್ಚುತ್ತದೆ, ಬಾಲವೋ ರೆಕ್ಕೆಯೋ ಸುತ್ತಿಕೊಳ್ಳುತ್ತದೆ. ಮುಂದಿನ ಉಸಿರಿಗೆ ಮೇಲೆ ಬರಲು ಆಗುವುದಿಲ್ಲ. ಸತ್ತ ಡಾಲ್ಫಿನ್ನಿನ ಶ್ವಾಸಕೋಶದಲ್ಲಿ ಎಷ್ಟೋ ಸಲ ನೀರೇ ಇರುವುದಿಲ್ಲ. ಹೊಳ್ಳೆ ತೆರೆದರೆ ನೀರು ನುಗ್ಗುತ್ತದೆ ಎಂದು ಕೊನೆಯವರೆಗೂ ತೆರೆಯದೆ, ಉಸಿರು ಕಟ್ಟಿಯೇ ಸಾಯುತ್ತದೆ.

ಮೀನುಗಾರನ ಕಡೆಯಿಂದಲೂ ಇದನ್ನು ನೋಡಬೇಕು. ಕೋಡಿಬಾಗದ ದಂಡೆಯಲ್ಲಿ ಬಲೆ ಹೆಣೆಯುತ್ತ ಕೂತಿದ್ದ ಹಿರಿಯರೊಬ್ಬರು ಅಂಗೈ ಅಗಲದ ತೂತುಗಳನ್ನು ತೋರಿಸಿದರು. ಡಾಲ್ಫಿನ್ ಕಚ್ಚಿ ಹರಿದದ್ದು. ಒಂದು ಬದಿಗೆ ತಲೆ ಮಾತ್ರ ಉಳಿದ ಬಂಗುಡೆಗಳು. ‘ಅದಕ್ಕೂ ಹೊಟ್ಟೆ ಉಂಟಲ್ಲ’ ಎಂದರು, ನಗದೆ. ಹಿಂದೆ ರಂಪಣಿಯಲ್ಲಿ ಈ ತಾಪತ್ರಯ ಕಡಿಮೆ. ಊರಿಗೆ ಊರೇ ನೂರು ಕೈ ಸೇರಿಸಿ ದಂಡೆಗೆ ಎಳೆಯುತ್ತಿದ್ದ ದೊಡ್ಡ ಬಲೆ ಅದು. ಒಳಗೆ ಡಾಲ್ಫಿನ್ ಬಂದರೆ ಎಲ್ಲರಿಗೂ ಕಾಣುತ್ತಿತ್ತು, ಅಂಚು ತಗ್ಗಿಸಿ ಬಿಡಬಹುದಿತ್ತು. 1970ರ ದಶಕದ ನಡುವೆ ಪರ್ಸೀನ್ ಬಲೆಯ ದೋಣಿಗಳು ಬಂದ ಮೇಲೆ ರಂಪಣಿ ಹಿಂದೆ ಬಿತ್ತು. ಈಗ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ರಜೆ. ಕಡಲಿಗೆ ಸಿಗುವ ವಿಶ್ರಾಂತಿ ಅಷ್ಟೇ.

ಎಷ್ಟು ಸಾಯುತ್ತವೆ ಎಂಬುದಕ್ಕಿಂತ ಎಷ್ಟು ನಿಧಾನವಾಗಿ ಹುಟ್ಟುತ್ತವೆ ಎಂಬುದು ದೊಡ್ಡ ಮಾತು. ಎಮ್ಮೆ ಹತ್ತು ತಿಂಗಳು ಗಬ್ಬವಿರುತ್ತದೆ, ಡುಬ್ಬದ ಡಾಲ್ಫಿನ್ನೂ ಹತ್ತರಿಂದ ಹನ್ನೆರಡು. ಎರಡಕ್ಕೂ ಒಂದೊಂದೇ ಕರು. ಸಾಮ್ಯ ಅಲ್ಲಿಗೆ ಮುಗಿಯಿತು. ಎಮ್ಮೆ ಮೂರ್ನಾಲ್ಕು ವರ್ಷಕ್ಕೆ ಈಯುತ್ತದೆ, ಆಮೇಲೆ ವರ್ಷ ಒಂದೂವರೆ ವರ್ಷಕ್ಕೊಮ್ಮೆ. ಡಾಲ್ಫಿನ್ನಿಗೆ ಪ್ರಾಯ ಬರಲು ಸುಮಾರು ಹತ್ತು ವರ್ಷ, ಎರಡು ಮರಿಗಳ ನಡುವೆ ಮೂರು ವರ್ಷದ ಅಂತರ. ಮರಿ ಎರಡು ವರ್ಷ ತಾಯಿಯ ಪಕ್ಕ ಬಿಡುವುದಿಲ್ಲ. ಬಾಲ ಮುಂದಾಗಿ ಹುಟ್ಟುತ್ತದೆ. ಹುಟ್ಟಿದ ಕೂಡಲೇ ಮೊದಲ ಉಸಿರಿಗೆ ಮೇಲೇರಬೇಕು, ಕೈಲಾಗದಿದ್ದರೆ ತಾಯಿ ಮೂತಿಯಿಂದ ನೂಕಿ ಮೇಲೆತ್ತುತ್ತದೆ. ಸತ್ತ ಮರಿಯನ್ನೂ ದಿನಗಟ್ಟಲೆ ಹಾಗೆ ಎತ್ತಿ ಹಿಡಿದ ತಾಯಿಗಳನ್ನು ಜಗತ್ತಿನ ಹಲವು ಕಡಲುಗಳಲ್ಲಿ ಕಂಡಿದ್ದಾರೆ. ಇಂಥ ಲೆಕ್ಕದಲ್ಲಿ ಒಂದು ತಾಯಿ ಬಲೆಗೆ ಬಿದ್ದರೆ ಆ ನದೀಮುಖದ ಗುಂಪಿಗೆ ಹತ್ತು ವರ್ಷದ ಗಳಿಕೆ ಹೋಯಿತು. ಚೀನಾದ ಯಾಂಗ್ಟ್ಸೆ ನದಿಯ ಬೈಜಿ ಡಾಲ್ಫಿನ್ ಹೀಗೇ ಸವೆದು, 2006ರಲ್ಲಿ ಇಡೀ ನದಿ ಜಾಲಾಡಿದರೂ ಒಂದೂ ಕಾಣಲಿಲ್ಲ. ಮೆಕ್ಸಿಕೊದ ವಕ್ವಿಟಾ ಎಂಬ ಪುಟ್ಟ ಕಡಲಹಂದಿ ಈಗ ಹತ್ತರ ಆಸುಪಾಸು. ಅಲ್ಲಿಯೂ ಕೊಂದದ್ದು ಗಿಲ್‌ನೆಟ್ಟೇ.

ನೆರೆಯ ಮಹಾರಾಷ್ಟ್ರ ಒಂದು ಜಾಣ ದಾರಿ ಹಿಡಿದಿದೆ. ಸಂರಕ್ಷಿತ ಪ್ರಾಣಿ ಬಲೆಗೆ ಸಿಕ್ಕಾಗ ಮೀನುಗಾರ ಬಲೆ ಕತ್ತರಿಸಿ ಅದನ್ನು ಬಿಟ್ಟು, ಮೊಬೈಲಿನಲ್ಲಿ ತೆಗೆದ ಚಿತ್ರ ತೋರಿಸಿದರೆ 25,000 ರೂಪಾಯಿವರೆಗೆ ಬಲೆಯ ನಷ್ಟ ಕೊಡುತ್ತಾರೆ. ಪುಣ್ಯ ಮಾಡು ಎನ್ನುವುದಕ್ಕಿಂತ ಬಲೆಯ ದುಡ್ಡು ತಗೋ ಎನ್ನುವುದು ಮೇಲು. ಇತ್ತ ಅಮೆರಿಕದವರದೂ ಒಂದು ಕಾಯ್ದೆ ಇದೆ, ಅದೂ 1972ರದೇ. ಅದರಡಿ 2016ರಲ್ಲಿ ಮಾಡಿದ ನಿಯಮದಂತೆ, ಡಾಲ್ಫಿನ್–ತಿಮಿಂಗಿಲ ಸಾಯುವ ಮೀನುಗಾರಿಕೆಯಿಂದ ಬಂದ ಮೀನನ್ನು ಕೊಳ್ಳುವ ಮುನ್ನ ನಿಮ್ಮಲ್ಲಿ ಅವು ಎಷ್ಟಿವೆ, ಉಳಿಸಲು ಏನು ಮಾಡಿದ್ದೀರಿ ಎಂದು ಅವರು ಕೇಳುತ್ತಾರೆ. ಕೊಚ್ಚಿಯ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ನಮ್ಮ ಕಡಲ ಸಸ್ತನಿಗಳನ್ನು ಎಣಿಸುವ ಕೆಲಸಕ್ಕೆ ಬಿರುಸು ಬಂದದ್ದು ಈ ಪ್ರಶ್ನೆಯಿಂದ. ನಮ್ಮ ನಂಟರ ಲೆಕ್ಕವನ್ನು ನಮಗೆ ನೆನಪಿಸಲು ಪರದೇಶದ ಸಿಗಡಿ ಗಿರಾಕಿ ಬರಬೇಕಾಯಿತು. ಪರವಾಗಿಲ್ಲ, ಎಣಿಕೆ ನಡೆದರೆ ಸಾಕು.

ಡಾಲ್ಫಿನ್ ಜೀವಂತ ದಂಡೆಗೆ ಬಿದ್ದಾಗ ನಮ್ಮ ಜನ ಒಳ್ಳೆಯ ಮನಸ್ಸಿನಿಂದಲೇ ಕೊಲ್ಲುತ್ತಾರೆ. ಮೀನೆಂದುಕೊಂಡು ತಲೆಯ ಮೇಲೆ ಕೊಡ ಕೊಡ ನೀರು ಸುರಿಯುತ್ತಾರೆ, ಅದು ನೆತ್ತಿಯ ಹೊಳ್ಳೆಗೆ ಇಳಿಯುತ್ತದೆ. ಬಾಲ ಹಿಡಿದು ಎಳೆಯುತ್ತಾರೆ, ಬೆನ್ನೆಲುಬು ಕಳಚುತ್ತದೆ. ಹೊಟ್ಟೆ ಕೆಳಗಾಗಿ ಕೂರಿಸಿ, ಹೊಳ್ಳೆ ಬಿಟ್ಟು ಮೈಮೇಲೆ ಒದ್ದೆ ಬಟ್ಟೆ ಹೊದಿಸಿ, ನೆರಳು ಮಾಡಿ, ಅರಣ್ಯ ಇಲಾಖೆಯವರಿಗೆ ಫೋನ್ ಮಾಡಬೇಕು. ಬಿಸಿಲಿಗೆ ಬಿದ್ದ ಎಮ್ಮೆಗೆ ಮಾಡುವ ಉಪಚಾರವೇ.

ಊರಿಗೆ ಮರಳಿ ಎಂಟು ದಿನವಾಗಿತ್ತು. ಸಂಜೆ ಚಿಕ್ಕವ್ವ ಫೋನ್ ಮಾಡಿದಳು. ಹಿಂದೆ ಕೊಟ್ಟಿಗೆಯ ಸದ್ದು, ಚರಿಗೆಗೆ ಹಾಲಿನ ಧಾರೆ ಬೀಳುವ ಸದ್ದು.

‘ಅಲ್ಲೋ, ಅದರ ಕರುಕ್ಕ ತುಟಿ ಇಲ್ಲ ಅಂದಿ. ನೀರಾಗ ಹಾಲ ಹೆಂಗ ಕುಡೀತದ?’

ಹೇಳಿದೆ. ಮೊಲೆಗಳು ಹೊಟ್ಟೆಯ ಅಡಿ ಎರಡು ಸೀಳುಗಳೊಳಗೆ ಹುದುಗಿರುತ್ತವೆ. ಮರಿ ನಾಲಗೆಯನ್ನು ಕೊಳವೆಯಂತೆ ಸುರುಳಿ ಮಾಡಿ ಹಚ್ಚುತ್ತದೆ. ಚೀಪಬೇಕಿಲ್ಲ, ತಾಯಿಯೇ ಸ್ನಾಯು ಹಿಂಡಿ ಹಾಲನ್ನು ಬಾಯಿಗೆ ಚಿಮ್ಮಿಸುತ್ತದೆ. ಕೆಲವೇ ಚಣಗಳ ಕೆಲಸ, ಏಕೆಂದರೆ ಇಬ್ಬರೂ ಉಸಿರಿಗೆ ಮೇಲೆ ಹೋಗಬೇಕು. ಹಾಗಾಗಿ ಹಾಲು ತುಂಬ ಗಟ್ಟಿ.

‘ಫ್ಯಾಟ್ ಎಷ್ಟ?’

ಆಕೆಯ ಎಮ್ಮೆಯದು ಏಳು. ಡಾಲ್ಫಿನ್ನಿನದು ಹದಿನೈದು ದಾಟುತ್ತದೆ, ದೊಡ್ಡ ತಿಮಿಂಗಿಲಗಳದು ಮೂವತ್ತು, ನಲವತ್ತು ಎಂದೆ.

ಹಾಲಿನ ಧಾರೆ ನಿಂತಿತು. ಎಮ್ಮೆ ಒಮ್ಮೆ ಮೂಗಿನಿಂದ ಜೋರಾಗಿ ಉಸಿರು ಬಿಟ್ಟದ್ದು ಕೇಳಿಸಿತು.

‘ಡೈರಿಯಾಂವ ನಂಬೂದಿಲ್ಲ ಬಿಡ’ ಎಂದಳು.